ಅಣ್ಣಿಗೇರಿಯ ದಾರಿ ಹಿಡಿಯುವ ಮುನ್ನ

ಬೆಟಗೇರಿ
ಬಿಸಿಲ್ದಿಂಗಳ ಹನ್ನೊಂದು, ಇಸವಿ ೨೧೯೮

ಮಾನ್ಯ ದಾನಮ್ಮ ಸೊರಟೂರ ಅವರ ಸನ್ನಿಧಿಗೆ,

ಈ ಓಲೆಯ ತಲೆಯಲ್ಲಿರುವ ತೇದಿಯನ್ನು ಕಂಡು, ಇದು ಯಾರೋ ಕಿಡಿಗೇಡಿಗಳ ಕೆಲಸವೆಂದು ತಾವು ಬದಿಗಿಡಬಾರದೆಂದು ಮೊದಲಿಗೇ ಬೇಡಿಕೊಳ್ಳುತ್ತೇನೆ. ಬಿಸಿಲ್ದಿಂಗಳೆಂಬುದು ತಮ್ಮ ಪಂಚಾಂಗದಲ್ಲಿಲ್ಲ. ವೈಶಾಖ ಮುಗಿದರೂ ಬೇಸಗೆ ಮುಗಿಯದ ಕಾಲ ಬಂದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಎರಡೆರಡು ದಿನಗಳನ್ನು ಕಿತ್ತು ತಂದು ಹದಿಮೂರನೆಯ ತಿಂಗಳೊಂದನ್ನು ಕಟ್ಟಿದರು. ಈ ತಿಂಗಳಲ್ಲಿ ಹಗಲು ಯಾರೂ ಹೊರಗೆ ಕಾಲಿಡುವುದಿಲ್ಲ. ಅಂಗಡಿಗಳು ಸೂರ್ಯೋದಯಕ್ಕೆ ಮುಚ್ಚುತ್ತವೆ. ಮಕ್ಕಳ ಪಾಠ, ಮದುವೆಯ ಮಾತುಕತೆ, ನೆರೆಹೊರೆಯ ಜಗಳಗಳೆಲ್ಲ ನೆಲದಡಿಯ ತಂಪುಕೋಣೆಗಳಲ್ಲಿ ನಡೆಯುತ್ತವೆ. ನಾನೂ ಅಂಥದೊಂದು ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಮಾತುಗಳಲ್ಲಿ ಕೆಲವು ತಮ್ಮ ಕಿವಿಗೆ ಅಪರಿಚಿತವೆನಿಸಬಹುದು, ಅದಕ್ಕಾಗಿ ಕ್ಷಮೆಯಿರಲಿ. ಅವನ್ನು ಅಲ್ಲಲ್ಲಿಯೇ ಬಿಡಿಸಿ ಹೇಳುತ್ತೇನೆ.

ನನ್ನ ಹೆಸರು ಈರಸಂಗಪ್ಪ ಹೊಂಬಳ. ವಯಸ್ಸಿನಲ್ಲಿ ತಮಗಿಂತ ಎಂಟು ವರ್ಷ ಹಿರಿಯ. ಹುಟ್ಟಿನಲ್ಲಿ ತಮ್ಮ ಮರಿಮಗನ ಮರಿಮಗನಾಗಬಹುದಾದವನು. ತಮ್ಮನ್ನು ತಂಗಿಯೆನ್ನಬೇಕೋ ಮುತ್ತಜ್ಜಿಯೆನ್ನಬೇಕೋ ತೋಚದೆ ಬಹಳ ಹೊತ್ತು ಲೇಖನಿ ಹಿಡಿದು ಕುಳಿತಿದ್ದೆ. ಊರೆಲ್ಲ ತಮ್ಮನ್ನು ಅಕ್ಕ ಎಂದು ಕರೆಯುತ್ತಿತ್ತಂತೆ. ನಾನೂ ಹಾಗೆಯೇ ಕರೆಯುತ್ತೇನೆ, ಅಕ್ಕನವರೇ.

ಈ ಓಲೆ ತಮ್ಮನ್ನು ತಲುಪುವುದು ಹಿನ್ನಂಚೆಯಿಂದ. ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಇಟ್ಟಿರುವ ಹೆಸರು ಅದು. ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ಒಂದೇ ಒಂದು ಓಲೆಯ ಹಕ್ಕುಂಟು. ಉತ್ತರ ತರಿಸಿಕೊಳ್ಳುವ ಹಕ್ಕಿಲ್ಲ. ಅಂಚೆಮನೆಯ ಹೆಣ್ಣುಮಗಳು ನಾನು ಬರೆದುಕೊಟ್ಟ ವಿಳಾಸವನ್ನು ನೋಡಿ ಹುಬ್ಬೇರಿಸಿದಳು.

"ಎಲ್ಲಾರೂ ತಮ್ಮ ಅವ್ವಗೋ ಅಪ್ಪಗೋ ಬರೀತಾರ್ರಿ ಅಜ್ಜಾರ. ಹ್ವಾದ ವಾರ ಒಬ್ಬಾಂವ ತನಗ ತಾನ ಬರಕೊಂಡಾನ, ಮದುವಿ ಹಿಂದಿನ ದಿನಕ್ಕ. ನೀವೇನ್ರಿ, ಸಂಬಂಧ ಇಲ್ದಾಕಿಗೆ?"

"ಸಂಬಂಧ ಐತವ್ವ" ಎಂದೆ.

ತನಗೆ ತಾನೇ ಬರೆದುಕೊಂಡ ಆ ಮನುಷ್ಯ ಇಂದಿಗೂ ಸಂಸಾರಸ್ಥನಾಗಿಯೇ ಇದ್ದಾನೆ. ಆದ್ದರಿಂದ ಹಿನ್ನಂಚೆ ನಿಜವಾಗಿ ತಲುಪುವುದೋ ಇಲ್ಲವೋ ಎಂಬ ಅನುಮಾನ ನಮ್ಮ ಊರಿನಲ್ಲಿ ಎದ್ದಿದೆ. ಓಲೆ ತಲುಪಿತು, ಓದಿದ ಮೇಲೂ ಆತ ತನ್ನನ್ನೇ ಮದುವೆಯಾದ ಎಂಬುದು ಆತನ ಹೆಂಡತಿಯ ವಾದ. ನಾನು ಆಕೆಯ ಮಾತನ್ನೇ ನಂಬಿ ಬರೆಯುತ್ತಿದ್ದೇನೆ.

ತಾವು ಮೊನ್ನೆ ಚುನಾವಣೆಯಲ್ಲಿ ಸೋತಿದ್ದೀರಿ. ಬಳೆ ಅಂಗಡಿಯ ಹಿಂದಿನ ಮನೆಯಲ್ಲಿ ತಂಗಿ ಚಿನ್ನವ್ವನವರೊಡನೆ ಇದ್ದೀರಿ. ಇಷ್ಟು ವರ್ಷ ಬ್ಯಾಂಕುಗಳೊಡನೆ ಹೋರಾಡಿ ಏನನ್ನು ಸಾಧಿಸಿದೆನೆಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿರಬಹುದು. ಆದ್ದರಿಂದ ಮೊದಲು ನಮ್ಮ ಊರಿನ ಒಂದು ಜಾಗವನ್ನು ತಮಗೆ ತೋರಿಸುತ್ತೇನೆ.

ತಾವು ಬ್ಯಾಂಕು ಎನ್ನುವುದಕ್ಕೆ ನಾವು ನಂಬುಗೆಮನೆ ಎನ್ನುತ್ತೇವೆ. ಪ್ರತಿಯೊಂದು ನಂಬುಗೆಮನೆಯ ಮುಂದೆಯೂ ಒಂದು ಕಟ್ಟೆ ಇರಲೇಬೇಕು. ಸಾಲ ಪಡೆಯುವವರಾಗಲಿ, ಹಣ ಇಡುವವರಾಗಲಿ, ಆ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾರೆ. ನಂಬುಗೆಮನೆಯ ಅಧಿಕಾರಿ ಎದುರಿಗೆ ಒಂದು ಮೆಟ್ಟಿಲು ಕೆಳಗೆ ಕುಳಿತು ಕರಾರನ್ನು ಓದಿ ಹೇಳುತ್ತಾನೆ. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ, ತಮಗೆ ತೋಚಿದ ಹೋಲಿಕೆಗಳಲ್ಲಿ ತಿರುಗಿ ಹೇಳಬೇಕು. ಇದಕ್ಕೆ ಮರುನುಡಿ ಎಂದು ಹೆಸರು. ಕಾಗದದ ಮೇಲೆ ಏನೇ ಅಚ್ಚಾಗಿರಲಿ, ಮರುನುಡಿಯಲ್ಲಿ ಬಂದದ್ದಷ್ಟೇ ಕರಾರು. ಬಾರದ್ದು ಯಾರನ್ನೂ ಕಟ್ಟಿಹಾಕುವುದಿಲ್ಲ. 'ತಿಳಿಯಿತು' ಎಂಬ ಒಂದು ಮಾತನ್ನು ಮಾತ್ರ ಕಟ್ಟೆಯ ಮೇಲೆ ಯಾರು ಎಷ್ಟು ಸಲ ಆಡಿದರೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇಬ್ಬರ ನಡುವೆ ಊರಿನ ಪರವಾಗಿ ಒಬ್ಬ ಸಾಕ್ಷಿ ಕೂರುತ್ತಾನೆ. ನಾನು ಅಂಥ ಸಾಕ್ಷಿಯಾಗಿ ಬಾಳೆಲ್ಲ ಕಳೆದವನು. ಈಗ ನನ್ನ ಮಗಳು ಮುಕ್ತಾ ಆ ಜಾಗದಲ್ಲಿದ್ದಾಳೆ.

ಬೇಸರದ ಕೆಲಸವೆಂದು ತಾವು ಎಣಿಸಬೇಡಿ. ಈ ಊರಿನಲ್ಲಿ ಅಷ್ಟು ನಗು ಬೇರೆಲ್ಲಿಯೂ ಇಲ್ಲ. ಹೋದ ತಿಂಗಳು ನಮ್ಮ ಓಣಿಯ ಇಂಬವ್ವ ಮನೆಗೆ ತಂಪುಸೂರು ಹಾಕಿಸಲು, ಎಂದರೆ ಬಿಸಿಲನ್ನು ಹೀರಿ ನೀರಾಗಿಸುವ ಮಾಡನ್ನು ಹೊದಿಸಲು, ಸಾಲಕ್ಕೆ ಬಂದಿದ್ದಳು. ಅಧಿಕಾರಿ ತರುಣ. ಮರುಪಾವತಿಯ ಭಾಗವನ್ನು ಓದಿ ಮುಗಿಸಿದ.

"ತಡಿ ತಮ್ಮಾ" ಎಂದಳು ಇಂಬವ್ವ. "ಎರಡು ತಿಂಗಳು ನಾ ಕಟ್ಟಲಿಲ್ಲಂದ್ರ ನೀವು ಮನೀಗೆ ಬರ್ತೀರೇನು?"

"ಇಲ್ರಿ ಅಕ್ಕಾರ. ಬರೇ ಓಲೆ ಕಳಸ್ತೀವಿ."

"ಮೂರನೇ ತಿಂಗಳ?"

ಅವನು ಹಣೆಯೊರೆಸಿಕೊಂಡ. "ಬರ್ತೀವ್ರಿ."

"ಹಂಗ ಬಾಯಿಬಿಟ್ಟು ಹೇಳು. ಅವಲಕ್ಕಿ ಹಚ್ಚಿ ಇಟ್ಟಿರ್ತೀನಿ. ಆದ್ರ ಚಾವಣಿಗೆ ಕೈ ಹಚ್ಚೂಹಂಗಿಲ್ಲ ನೋಡು, ಅದನ್ನ ನೀ ಓದಿಲ್ಲ."

ಕಟ್ಟೆಯ ಸುತ್ತ ನೆರೆದವರು ನಕ್ಕರು, ಅಧಿಕಾರಿಯೂ ನಕ್ಕ. ಚಾವಣಿಯನ್ನು ಕಿತ್ತೊಯ್ಯುವ ಹಕ್ಕು ಅವನ ಕಾಗದದಲ್ಲಿ ಅಚ್ಚಾಗಿತ್ತು. ಇಂಬವ್ವನ ಮರುನುಡಿಯಲ್ಲಿ ಬರಲಿಲ್ಲವಾದ್ದರಿಂದ ಅದು ಅಲ್ಲಿಗೆ ಬಿದ್ದುಹೋಯಿತು. ಅಕ್ಕನವರೇ, ಆ ಹೊತ್ತಿನಲ್ಲಿ ಅಲ್ಲಿದ್ದವರಾರೂ ತಮ್ಮ ಹೆಸರನ್ನು ನೆನೆಯಲಿಲ್ಲ. ಉಸಿರಾಡುವಾಗ ಗಾಳಿಯನ್ನು ಯಾರೂ ನೆನೆಯುವುದಿಲ್ಲ. ನಾನು ಮಾತ್ರ ನೆನೆದೆ.

ತಮ್ಮ ಬದುಕನ್ನು ತಮಗೇ ಹೇಳುವುದು ಅಧಿಕಪ್ರಸಂಗ. ಆದರೂ ಅದು ನಮ್ಮ ಮನೆಗಳಲ್ಲಿ ಹೇಗೆ ಉಳಿದು ಬಂದಿದೆಯೆಂದು ತಾವು ತಿಳಿದರೆ ಸಂತೋಷಪಡುವಿರೆಂದು ಎಣಿಸಿ ಬರೆಯುತ್ತೇನೆ. ಕತೆ ಶಂಕ್ರವ್ವನಿಂದ ಮೊದಲಾಗುತ್ತದೆ. ತಮ್ಮ ನೆರೆಮನೆಯ ಶಂಕ್ರವ್ವ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತಳಾದಳು. ಬಂದ ಹಣವನ್ನು ಒಂದು ವರ್ಷದ ಮಟ್ಟಿಗೆ ಇಡಲೆಂದು ಬ್ಯಾಂಕಿಗೆ ಹೋದಳು. ಅಲ್ಲಿದ್ದ ಅಧಿಕಾರಿ ಅದನ್ನು ಠೇವಣಿಯ ಬದಲು ಹತ್ತು ವರ್ಷದ ವಿಮೆಗೆ ಹಾಕಿದ. ಪ್ರತಿ ವರ್ಷವೂ ಅಷ್ಟೇ ಹಣ ಕಟ್ಟದಿದ್ದರೆ ಹಾಕಿದ್ದೂ ಕರಗುವಂಥದು. ತಾವು ಆಕೆಯೊಡನೆ ಗ್ರಾಹಕರ ನ್ಯಾಯಾಲಯಕ್ಕೆ ಹೋದಿರಿ. ಬ್ಯಾಂಕಿನ ವಕೀಲರು, ಒಪ್ಪಿಗೆ ಕೇಳಲೆಂದು ಬ್ಯಾಂಕಿನಿಂದ ಆಕೆಗೆ ಮಾಡಿದ್ದ ದೂರವಾಣಿ ಕರೆಯ ಧ್ವನಿಮುದ್ರಣವನ್ನು ಕೇಳಿಸಿದರು.

"ಅಮ್ಮಾ, ನಿಮಗೆ ಎಲ್ಲಾ ನಿಬಂಧನೆಗಳೂ ತಿಳಿದಿವೆಯೇ?"

"ಆತ್ರಿ."

"ಸ್ವಂತ ಇಚ್ಛೆಯಿಂದ ಒಪ್ಪಿದ್ದೀರಾ?"

"ಹೂಂನ್ರಿ, ಆತ್ರಿ. ನಿಮ್ದು ಚಹಾ ಆತ್ರಿ?"

ನ್ಯಾಯಾಲಯದಲ್ಲಿ ಎಲ್ಲರೂ ನಕ್ಕರಂತೆ. ದಾವೆ ಬಿದ್ದುಹೋಯಿತು. ಹೊರಗೆ ಬಂದು ತಾವು ಗದರಿದಿರಿ: "ಅಲ್ಲ ಶಂಕ್ರವ್ವ, ಒಂದಕ್ಷರ ತಿಳೀದ ಯಾಕ ಆತ್ರಿ ಅಂದಿ?" ಆಕೆ ಕೊಟ್ಟ ಉತ್ತರವನ್ನು ನಮ್ಮಲ್ಲಿ ಸಾಕ್ಷಿಯ ಕೆಲಸ ಕಲಿಯುವವರಿಗೆ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. "ಪಾಪ, ಆ ಹುಡುಗ ಅಷ್ಟೊತ್ತು ಬಾಯಿ ನೋಯಿಸ್ಕೊಂಡು ಹೇಳಿದ್ದ. ತಿಳೀಲಿಲ್ಲಂದ್ರ ಅವಂಗ ಬ್ಯಾಸರ ಆಕ್ಕಿತ್ತಲ್ಲ ಅಕ್ಕಾ."

ತಮಗೆ ಅದು ಅರ್ಥವಾದದ್ದು ತಾವು ಬಳೆ ತೊಡಿಸುವವರಾದ್ದರಿಂದ. ಬಿಗಿ ಬಳೆಯನ್ನು ಮುಂಗೈಗೆ ಏರಿಸುವಾಗ ನೋವಾಯಿತೇ ಎಂದು ಕೇಳಿದರೆ, ಕಣ್ಣಲ್ಲಿ ನೀರು ತುಂಬಿಕೊಂಡೇ ಹೆಂಗಸರು ಇಲ್ಲವೆನ್ನುತ್ತಾರೆ. ಬಾಯಿಯ ಮಾತನ್ನು ಬಿಟ್ಟು ಕೈಯ ಬೆರಳು ನೋಡಬೇಕೆಂದು ತಾವು ಅಂಗಡಿಯಲ್ಲಿ ಕಲಿತಿದ್ದಿರಿ. ನಮ್ಮ ಜನರ ಸೌಜನ್ಯವನ್ನೇ ಅವರ ಒಪ್ಪಿಗೆಯೆಂದು ಬರೆದುಕೊಳ್ಳುವುದು ಮೋಸವೆಂದು ತಾವು ಓಣಿ ಓಣಿಗಳಲ್ಲಿ ಹೇಳಿದಿರಿ. ನಗರಸಭೆಗೂ, ಅಲ್ಲಿಂದ ವಿಧಾನಸಭೆಗೂ ಆ ಒಂದೇ ಮಾತನ್ನು ಹೊತ್ತು ಹೋದಿರಿ. ಮೂರು ಸಲ ಗೆದ್ದಿರಿ. ಮಂತ್ರಿಗಿರಿ ಕೊಡುತ್ತೇವೆ, ಬ್ಯಾಂಕಿನವರನ್ನು ಬಿಡಿ ಎಂದವರಿಗೆ ತಾವು ಮನೆಯಲ್ಲಿ ಊಟ ಬಡಿಸಿ ಕಳುಹಿಸಿದಿರೇ ಹೊರತು ಒಪ್ಪಲಿಲ್ಲ. ಬ್ಯಾಂಕಿನ ಹಿರಿಯರು ತಮ್ಮನ್ನು "ಬಳೆ ಮೇಡಂ" ಎಂದು ಹಂಗಿಸುತ್ತಿದ್ದರು. ಅವರ ಹೆಸರುಗಳು ನಮಗೆ ತಿಳಿಯವು. ಆ ಬ್ಯಾಂಕಿನ ಹೆಸರೂ ತಿಳಿಯದು. ಬಳೆ ಮೇಡಂ ಎಂಬುದು ಮಾತ್ರ ನಮ್ಮ ಹೆಣ್ಣುಮಕ್ಕಳ ಆಟವೊಂದರ ಹೆಸರಾಗಿ ಉಳಿದಿದೆ.

ಇನ್ನು ಆ ಪರಿಶೀಲನಾ ಸಮಿತಿಯ ದಿನ. ಅದನ್ನು ನೆನೆದರೆ ತಮಗೆ ಈಗಲೂ ಮುಖ ಕೆಂಪಾಗುತ್ತದೆಂದು ಬಲ್ಲೆ. ಗ್ರಾಹಕರ ಒಪ್ಪಿಗೆಯ ಕುರಿತು ತಾವು ತಂದ ಮಸೂದೆ ಸಮಿತಿಯ ಮುಂದಿತ್ತು. ಬ್ಯಾಂಕಿನ ಪರವಾಗಿ ಬಂದ ವಯಸ್ಸಾದ ಅಧಿಕಾರಿ ಊಟದ ಹೊತ್ತು ಮೀರುವವರೆಗೆ ಒಂದು ತಿದ್ದುಪಡಿಯನ್ನು ವಿವರಿಸಿದರು. ಮೃದುವಾದ ಮಾತಿನ ಮನುಷ್ಯ; ನಡುನಡುವೆ ಕೆಮ್ಮುತ್ತಿದ್ದರು, ನೀರು ಕುಡಿಯುತ್ತಿದ್ದರು. ಕೊನೆಗೆ ತಮ್ಮತ್ತ ತಿರುಗಿ, "ಅಮ್ಮನವರಿಗೆ ಸ್ಪಷ್ಟವಾಯಿತಲ್ಲವೇ?" ಎಂದರು. ತಾವು "ಆತ್ರಿ" ಎಂದಿರಿ.

ತಿದ್ದುಪಡಿಗೆ ತಮ್ಮ ಒಪ್ಪಿಗೆಯಿದೆಯೆಂದು ನಡಾವಳಿಯಲ್ಲಿ ದಾಖಲಾಯಿತು. ಧ್ವನಿಮುದ್ರಿತ ಒಪ್ಪಿಗೆಯೇ ಕೊನೆಯ ಸಾಕ್ಷ್ಯ, ಅದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲ ಎಂಬುದು ಆ ತಿದ್ದುಪಡಿಯ ತಿರುಳು. ಶಂಕ್ರವ್ವನಂಥವರನ್ನು ಕಾಯಲು ತಂದ ಮಸೂದೆ ಶಂಕ್ರವ್ವನಂಥವರ ಕೊರಳಿಗೇ ಬಿಗಿಯುವಂತಾಯಿತು.

ಬೇರೆ ಯಾರಾದರೂ ಆಗಿದ್ದರೆ ಮೋಸವಾಯಿತೆಂದು ಕೂಗುತ್ತಿದ್ದರು. ತಾವು ಸದನದಲ್ಲಿ ಎದ್ದು ನಿಂತು ಆಡಿದ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಹೇಳಲಾರೆ. "ಸಭಾಧ್ಯಕ್ಷರ, ಅವತ್ತ ನಾನು ಆತ್ರಿ ಅಂದೆ. ನನಗ ಏನೇನೂ ತಿಳಿದಿದ್ದಿಲ್ಲ. ಆ ಹಿರಿಯರು ಪಾಪ ಕೆಮ್ಮಿಕೋತ ಹೇಳಿದ್ರು, ಮತ್ತೊಮ್ಮೆ ಹೇಳ್ರಿ ಅನ್ನಾಕ ಮನಸ್ಸು ಬರಲಿಲ್ಲ. ಕಾನೂನು ಮಾಡೂ ನಾನ ಹಿಂಗ ಅಂದೆ ಅಂದ್ರ, ಕಾನೂನಿನ ಕೆಳಗ ಬಾಳೂ ಮಂದಿ ಏನಂತಾರ ವಿಚಾರ ಮಾಡ್ರಿ."

"ತಿಳೀದಿದ್ರ ರಾಜೀನಾಮೆ ಕೊಡ್ರಿ ಅಕ್ಕಾರ!" ಎಂದು ಎದುರು ಸಾಲಿನಿಂದ ಯಾರೋ ಕೂಗಿದರು.

"ಕೊಡೂಣಂತ. ಅದಕ್ಕೂ ಮೊದಲ ಆ ಕಲಮು ಏನಂತ ನೀವ ನನಗ ತಿಳಿಸಿ ಹೇಳ್ರಿ. ನಿಮ್ಮ ಮಾತಿನಾಗ."

ಕೂಗಿದವರು ಕಡತ ತೆರೆದರು, ಮುಚ್ಚಿದರು. ಮಂತ್ರಿಗಳು ಅಧಿಕಾರಿಗಳ ಸಾಲಿನತ್ತ ನೋಡಿದರು. ಕೊನೆಗೆ ಸಭಾಧ್ಯಕ್ಷರು ಚಹಾ ವಿರಾಮವನ್ನು ಘೋಷಿಸಿದರು. ಮರುನುಡಿ ಹುಟ್ಟಿದ್ದು ಅಲ್ಲಿ, ಆ ಮೌನದಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ತಿದ್ದುಪಡಿ ನಿಂತುಹೋಯಿತು, ಅದರೊಡನೆ ತಮ್ಮ ಮಸೂದೆಯೂ ಮೂಲೆ ಸೇರಿತು. ಪತ್ರಿಕೆಗಳು ತಮ್ಮನ್ನು ಗೇಲಿ ಮಾಡಿದವು. ತಿಳಿಯದವರಿಗೆ ಮತವೇಕೆ ಎಂದು ಎದುರಾಳಿಗಳು ಗೋಡೆಗಳ ಮೇಲೆ ಬರೆಯಿಸಿದರು. ತಾವು ಸೋತಿರಿ. ಆದರೆ ತಾವು ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿಯುಂಟು. ಸದನದಲ್ಲಿ ತಾವು ಹಾಗೆ ಹೇಳಿದ ಮೇಲೆ ಅಂಗಡಿಗೆ ಬಂದ ಹೆಂಗಸರು, ಬಳೆಗೆ ಕೈ ಚಾಚಿದವರು, ತಲೆ ತಗ್ಗಿಸಿ, "ನಂಗೂ ತಿಳಿದಿದ್ದಿಲ್ಲಕ್ಕಾ" ಎನ್ನತೊಡಗಿದರು. ಹಿಂದೆ ಎಂದೂ ಯಾರೂ ಹಾಗೆ ಹೇಳಿರಲಿಲ್ಲ. ಶಾಸಕಿಗೇ ತಿಳಿಯಲಿಲ್ಲವೆಂದ ಮೇಲೆ ತಮಗೆ ತಿಳಿಯದಿರುವುದರಲ್ಲಿ ನಾಚಿಕೆಯೇನೆಂದು ಅವರಿಗೆ ಧೈರ್ಯ ಬಂದಿತ್ತು.

ಈಗ ನಾನು ಈ ಓಲೆಯನ್ನು ಬರೆಯಲು ಕಾರಣವಾದ ಮಾತಿಗೆ ಬರುತ್ತೇನೆ. ಚಿನ್ನವ್ವನವರು ಹತ್ತಿರವಿದ್ದರೆ ಅವರನ್ನೂ ಕೂರಿಸಿಕೊಂಡು ಓದಿರಿ.

ಬರುವ ಏಪ್ರಿಲ್ ತಿಂಗಳಲ್ಲಿ ತಾವು ಗದಗಿನಿಂದ ಹುಬ್ಬಳ್ಳಿಯ ಬ್ಯಾಂಕಿನ ದೊಡ್ಡ ಕಚೇರಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಬೇಕೆಂದು ಗೊತ್ತುಮಾಡಿದ್ದೀರಿ. ತಾವು ಹೊರಡುತ್ತೀರಿ. ಎರಡನೆಯ ದಿನ ಅಣ್ಣಿಗೇರಿ ದಾಟಿದ ಮೇಲೆ ತಲೆ ಸುತ್ತುತ್ತಿದೆಯೆಂದು ಒಂದು ಬೇವಿನ ಮರದ ಕೆಳಗೆ ಕೂರುತ್ತೀರಿ. ಅಲ್ಲಿಂದ ಏಳುವುದಿಲ್ಲ. ಅಕ್ಕನವರೇ, ಇದನ್ನು ಇದಕ್ಕಿಂತ ಮೆದುವಾಗಿ ಬರೆಯಲು ಎಷ್ಟೋ ಪ್ರಯತ್ನಿಸಿದೆ; ಆಗಲಿಲ್ಲ.

ಮುಂದಿನ ಅಧಿವೇಶನದಲ್ಲಿ ತಮ್ಮ ಮಸೂದೆ ಒಂದೇ ಒಂದು ವಿರೋಧವೂ ಇಲ್ಲದೆ ಅಂಗೀಕಾರವಾಯಿತು. ಅಂದು ರಾಜೀನಾಮೆ ಕೇಳಿ ಕೂಗಿದವರೇ ಅದನ್ನು ಮಂಡಿಸಿದರು. ನಮ್ಮ ಕಟ್ಟೆ, ಮರುನುಡಿಗಳೆಲ್ಲ ಆ ಕಾನೂನಿನಿಂದಲೇ ಬಂದವು. ದಾನಮ್ಮ ಪ್ರಾಣ ಕೊಟ್ಟು ಕಾನೂನು ತಂದರೆಂದು ನಮ್ಮ ಮಕ್ಕಳ ಪಾಠದಲ್ಲಿದೆ. ಆ ವಾಕ್ಯವನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ತಾವು ಪ್ರಾಣ ಕೊಡಲೆಂದು ಹೊರಟವರಲ್ಲ. ಚಪ್ಪಲಿ ಹೊಲಿಸಿಕೊಂಡು, ಬುತ್ತಿ ಕಟ್ಟಿಕೊಂಡು, ವಾರದಲ್ಲಿ ಹಿಂದಿರುಗುವೆನೆಂದು ಹೇಳಿ ಹೊರಟವರು.

ಈ ಓಲೆಯ ವಿಷಯ ತಿಳಿದು ಮಗಳು ಮುಕ್ತಾ ನನ್ನೊಡನೆ ವಾದಕ್ಕೆ ನಿಂತಳು.

"ಅಪ್ಪಾ, ಆಕಿ ಹೋಗಲಿಲ್ಲಂದ್ರ ಕಾನೂನು ಬರತ್ತೋ ಇಲ್ಲೋ ಯಾರಿಗೆ ಗೊತ್ತು? ಬರಲಿಲ್ಲಂದ್ರ ಎಷ್ಟು ಮಂದಿ ಮುಳಗ್ತಾರ ವಿಚಾರ ಮಾಡೀಯೇನು? ನಮ್ಮ ಇಂಬವ್ವನ ಚಾವಣಿ? ನನ್ನ ಕೆಲಸ?"

"ಮಾಡೇನವ್ವ."

"ಮಾಡಿದ ಮ್ಯಾಲೂ ಕಳಸ್ತೀಯೇನು?"

"ಆ ನಡಿಗೀಗೆ ಏನು ಕೊಡಬೇಕಾಗತ್ತ ಅಂತ ಆಕಿಗೆ ಯಾರರೆ ಓದಿ ಹೇಳಿದ್ರೇನು? ಹೇಳದ ಕರಾರು ಯಾರನ್ನೂ ಕಟ್ಟೂದಿಲ್ಲ ಅಂತ ದಿನಾ ಕಟ್ಟಿ ಮ್ಯಾಲ ಕುಂತು ನೀನ ಹೇಳ್ತಿ. ಆಕಿ ಒಬ್ಬಾಕಿಗೆ ಅದು ಇಲ್ಲೇನು?"

ಮುಕ್ತಾ ಲೇಖನಿಯನ್ನು ನನ್ನತ್ತ ಸರಿಸಿದಳು. ಆಮೇಲೆ, "ಹಂಗಾರ ಎಲ್ಲಾ ಬರಿ. ಅರ್ಧಾ ಬರೀಬ್ಯಾಡ" ಎಂದು ಎದ್ದುಹೋದಳು. ಆದ್ದರಿಂದ ಎಲ್ಲವನ್ನೂ ಬರೆದಿದ್ದೇನೆ. ತಾವು ಹೋದರೆ ಏನಾಗುವುದೆಂದು ನನಗೆ ಗೊತ್ತು. ಉಳಿದರೆ ಏನಾಗುವುದೆಂದು ಗೊತ್ತಿಲ್ಲ. ಕಾನೂನು ತಮ್ಮ ಸಾವಿನಿಂದಲ್ಲ, ಸದನದಲ್ಲಿ ತಾವು ಆಡಿದ ಮಾತಿನಿಂದಲೇ ಬಂದಿತೆಂದು ನಾನು ನಂಬುತ್ತೇನೆ. ಆ ಹೆಂಗಸರು ಬಾಯಿಬಿಡತೊಡಗಿದ್ದರು, ಇಂದಲ್ಲ ನಾಳೆ ತರುತ್ತಿದ್ದರು. ಆದರೆ ಇದು ನನ್ನ ನಂಬಿಕೆ ಮಾತ್ರ. ಇದಕ್ಕೆ ಹೊಣೆ ನಿಲ್ಲಲಾರೆ. ನಿಲ್ಲುವೆನೆಂದು ಬರೆದರೆ ತಮ್ಮನ್ನು ವಂಚಿಸಿದಂತಾಗುತ್ತದೆ.

ನಿರ್ಣಯ ತಮ್ಮದು. ತಾವು ಎಲ್ಲವನ್ನೂ ತಿಳಿದ ಮೇಲೂ ಹೊರಟರೆ ಅದು ತಮ್ಮ ಹಕ್ಕು. ಆಗ ಮಕ್ಕಳ ಪಾಠದ ವಾಕ್ಯವನ್ನು ನಾನೂ ಒಪ್ಪಿಕೊಳ್ಳುತ್ತೇನೆ. ಆದರೆ ಅಧಿಕಾರಿಯೂ ಅಲ್ಲದ, ಸಾಕ್ಷಿಯೂ ಅಲ್ಲದ, ಬರಿಯ ಮುದುಕನೊಬ್ಬನ ಮಾತಾಗಿ ಇದೊಂದನ್ನು ಕೇಳಿ: ಹೋಗಬೇಡಿ. ಏಪ್ರಿಲ್ಲಿನ ಆ ದಿನಗಳಲ್ಲಿ ಮನೆಯಲ್ಲಿರಿ. ಒಳಗಿನ ಕೋಣೆಯ ಕಿಟಕಿಗೆ ಒದ್ದೆ ಸೀರೆ ಇಳಿಬಿಡಿ. ಚಿನ್ನವ್ವನವರು ಮಾಡಿದ ಮಜ್ಜಿಗೆಯನ್ನು ಕುಡಿದು, ಅದರಲ್ಲಿ ಉಪ್ಪು ಹೆಚ್ಚಾಯಿತೆಂದು ಅವರೊಡನೆ ಜಗಳವಾಡಿ. ಇಷ್ಟು ವರ್ಷ ಊರಿನವರಿಗಾಗಿ ಜಗಳವಾಡಿದಿರಿ. ತಂಗಿಯೊಡನೆ ಆಡಬೇಕಾದ ಜಗಳಗಳು ಎಷ್ಟೋ ಬಾಕಿ ಉಳಿದಿರಬೇಕು.

ಓಲೆ ನಾಳೆ ಹೊತ್ತು ಮೂಡುವ ಮೊದಲು ಹೊರಡುತ್ತದೆ. ಆಮೇಲೆ, ಬಿಸಿಲು ಬೀಳುವ ಮುನ್ನವೇ, ನಾನು ಎಂದಿನಂತೆ ನಂಬುಗೆಮನೆಯ ಕಡೆಗೆ ನಡೆದು ಹೋಗುತ್ತೇನೆ. ಅಲ್ಲಿ ಕಟ್ಟೆ ಇರಬಹುದು. ಇಲ್ಲದೆಯೂ ಹೋಗಬಹುದು, ಹಾಗಾದರೆ ಅಲ್ಲೊಂದು ಕಟ್ಟೆಯಿತ್ತೆಂಬುದೇ ನನಗೆ ನೆನಪಿರಲಾರದು. ಯಾಕೆ ಅಲ್ಲಿಗೆ ಬಂದೆನೆಂದು ತಿಳಿಯದೆ ಬರಿಯ ನೆಲವನ್ನು ನೋಡುತ್ತ ಒಂದು ಗಳಿಗೆ ನಿಲ್ಲುತ್ತೇನೆ. ತಾವು ಮನೆಯಲ್ಲಿ ಉಳಿದಿರೆಂಬುದಕ್ಕೆ ಅದೇ ಗುರುತಾದೀತು. ಅದಾವುದೂ ನನಗೆ ಅರಿವಾಗದಿದ್ದರೂ, ಆ ಗಳಿಗೆಯಲ್ಲಿ ಮನಸ್ಸಿಗೆ ಏಕೋ ಹಿತವೆನಿಸಲೆಂದು ಹಾರೈಸುತ್ತೇನೆ.

ತಮ್ಮ ವಿಧೇಯ,
ಈರಸಂಗಪ್ಪ ಹೊಂಬಳ